ಮೃಗಾಲಯಗಳ ತಾರತಮ್ಯ

ಲೋಕದ ಮೃಗಾಲಯಗಳಲ್ಲಿ ಶ್ರೇಷ್ಠವಾವುದೆಂಬಲ್ಲಿ ಪ್ರಾಯವನ್ನೇ ಪ್ರಮಾಣವಾಗಿ ಹಿಡಿದರೆ, 1752ರ ವಿಯೆನ್ನಾದ ಷೋನ್‌ಬ್ರುನ್ನಿಗೆ ಅಗ್ರಪೂಜೆ ಸಲ್ಲತಕ್ಕದ್ದು. 1892ರ ನಮ್ಮ ಮೈಸೂರಿನದು ಅದರೆದುರು ಕೂಸು. ಕಂಬಿಗಳನ್ನು ತೆಗೆಸಿ ಕಂದಕಗಳನ್ನು ತೋಡಿಸಿದ ಕೀರ್ತಿ 1907ರಲ್ಲಿ ಹ್ಯಾಂಬರ್ಗಿನ ಹಾಗೆನ್‌ಬೆಕ್ಕನಿಗೆ ಬಂದಿತು. ಮನುಷ್ಯರನ್ನೂ ಪ್ರದರ್ಶನಕ್ಕಿಟ್ಟವನು ಆತನೇ ಎಂಬುದನ್ನು ವಾಚಕರು ಮರೆಯಬಾರದು.

ನಾವಾದರೋ, ಮೃಗವನ್ನು ಸ್ವಸ್ಥಾನಕ್ಕೆ ಹಿಂದಿರುಗಿಸಿದ ಅಮೆರಿಕದ ಫೀನಿಕ್ಸ್, ಸ್ಯಾನ್ ಡಿಯೇಗೋಗಳನ್ನು ಪ್ರಥಮಪಂಕ್ತಿಯಲ್ಲಿ ಕೂರಿಸುವೆವು. ಓರಿಕ್ಸ್ ಎಂಬ ಅರೇಬಿಯಾದ ಶ್ವೇತಮೃಗವು 1972ರಲ್ಲಿ ತನ್ನ ಮರುಭೂಮಿಯಿಂದ ನಿಶ್ಶೇಷವಾಯಿತು. ಅದಕ್ಕೆ ಮುಂಚೆಯೇ, 1963ರಿಂದ, ಬೆರಳೆಣಿಕೆಯಷ್ಟು ಮೃಗಗಳನ್ನು ಫೀನಿಕ್ಸಿನಲ್ಲಿ ಕೂಡಿಸಿ ಸಾಕತೊಡಗಿದ್ದರು. ಆ ಸಂತತಿಯು ಸ್ಯಾನ್ ಡಿಯೇಗೋದಲ್ಲಿಯೂ ಬೆಳೆದು, 1982ರಲ್ಲಿ ಒಮಾನಿನ ಮರಳುಗಾಡಿನಲ್ಲಿ ಬಿಡಲ್ಪಟ್ಟಿತು. ಮುಂದೆ ಕಳ್ಳಬೇಟೆಯಿಂದ ಆ ಹಿಂಡು ಮತ್ತೆ ಕ್ಷಯಿಸಿತು. ಆ ದೋಷ ಮೃಗಾಲಯಗಳದಲ್ಲ.