ಕೋಡ್ ನಮ್ಮದು, ಪ್ರಶ್ನೆ ಯಾರದು?

ಮೊನ್ನೆ ಬೇತಮಂಗಲಕ್ಕೆ ಹೋದಾಗ ಪಕ್ಕದ ಮನೆ ತಾತ "ಬೆಂಗಳೂರಲ್ಲಿ ಏನ್ ಕೆಲ್ಸಾನಪ್ಪಾ?" ಅಂದರು. "ಅಮೆರಿಕದ ಬ್ಯಾಂಕಿಗೆ ಸಾಫ್ಟ್‌ವೇರ್ ಬರೀತೀನಿ ತಾತ." "ನಮ್ಮಪ್ಪನೂ ಅಷ್ಟೇ, ಕೆಜಿಎಫ್‌ನಲ್ಲಿ ಬಿಳಿಯರಿಗೆ ಚಿನ್ನ ತೆಗೆದುಕೊಟ್ಟ" ಅಂತ ನಕ್ಕುಬಿಟ್ಟರು!

ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ಟಿಐಎಫ್‌ಆರ್ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೊ ಪತ್ತೆಹಚ್ಚಿದ್ದರು. ಜಪಾನ್, ಇಂಗ್ಲೆಂಡಿನವರೂ ಜೊತೆಗಿದ್ದರು, ಆದರೆ ಪಾಲುದಾರರಾಗಿ. ಪ್ರಶ್ನೆ ನಮ್ಮದೂ ಆಗಿತ್ತು.

ಗಣಿ 2001ರಲ್ಲಿ ಮುಚ್ಚಿತು. ತೆಗೆದ ಚಿನ್ನ ಎಲ್ಲೋ ಹೋಯ್ತು, ಊರಿಗೆ ಸೈನೈಡ್ ದಿಬ್ಬ ಉಳೀತು. ಆ ಪ್ರಯೋಗ ಮಾತ್ರ ಇವತ್ತಿಗೂ ಭೌತಶಾಸ್ತ್ರದ ಚರಿತ್ರೆಯಲ್ಲಿದೆ.

ಔಟ್‌ಸೋರ್ಸಿಂಗ್ ಬೇಡ ಅನ್ನಲ್ಲ, ನನ್ನ ಅನ್ನವೇ ಅದು. ಆದರೆ ಬೇರೆಯವರ ಪ್ರಶ್ನೆಗೇ ಉತ್ತರ ಬರೀತಾ ಕೂತರೆ, ಕಾಂಟ್ರಾಕ್ಟ್ ಮುಗಿದ ದಿನ ನಮಗೆ ಉಳಿಯೋದೇನು? ನೀವೇನಂತೀರಿ?