ಪ್ರಭಾವಳಿಯ ಆಟವೂ ಮಕ್ಕಳ ಪ್ರಶ್ನೆಯೂ

ಸಂತರ ಚಿತ್ರಗಳಲ್ಲಿ ಶಿರಸ್ಸಿನ ಸುತ್ತ ಬೆಳಗುವ ಪ್ರಭಾವಳಿಗೆ ಇಂಗ್ಲಿಷಿನಲ್ಲಿ ‘ಹೇಲೋ’ ಎಂಬ ಹೆಸರುಂಟು. ಇದೇ ಹೆಸರಿನ ವಿಡಿಯೋ ಗೇಮ್ ಒಂದು 2001ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. 2004 ಮತ್ತು 2007ರಲ್ಲಿ ಅದರ ಮುಂದಿನ ಭಾಗಗಳು ಬಂದವು. ಅನ್ಯಗ್ರಹ ಜೀವಿಗಳೊಡನೆ ಮಾನವರು ನಡೆಸುವ ಯುದ್ಧದ ಕಥೆಯಿದು. ಯುದ್ಧದ ಆಟಗಳು ಹೊಸತಲ್ಲ. ಆದರೆ ಈ ಯುದ್ಧದ ಮೂಲದಲ್ಲಿ ಇರುವುದು ಮಣ್ಣಿನ ಆಸೆಯೂ ಅಲ್ಲ, ಹೊನ್ನಿನ ಆಸೆಯೂ ಅಲ್ಲ, ಧರ್ಮ. ಆದುದರಿಂದಲೇ ಅದನ್ನು ಕುರಿತು ಈ ಅಂಕಣದಲ್ಲಿ ಎರಡು ಮಾತು ಬರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕಥೆಯ ಸಾರ ಇಷ್ಟು. ಹಲವು ಅನ್ಯಗ್ರಹ ಜನಾಂಗಗಳು ಸೇರಿ ಕಟ್ಟಿಕೊಂಡ ಒಂದು ಕೂಟವಿದೆ. ಅದರ ಹೆಸರು ‘ಒಡಂಬಡಿಕೆ’. ಅದನ್ನು ಆಳುವವರು ‘ಸತ್ಯ’, ‘ಕರುಣೆ’, ‘ವಿಷಾದ’ ಎಂಬ ಬಿರುದು ಹೊತ್ತ ಮೂವರು ಪ್ರವಾದಿಗಳು. ಪುರಾತನ ಜನಾಂಗವೊಂದು ಬಾಹ್ಯಾಕಾಶದಲ್ಲಿ ನಿರ್ಮಿಸಿಹೋದ ಬೃಹತ್ ಉಂಗುರಗಳನ್ನು ಇವರು ಪವಿತ್ರವೆಂದು ಪೂಜಿಸುತ್ತಾರೆ. ಉಂಗುರಗಳನ್ನು ಚಾಲನೆಗೊಳಿಸಿದರೆ ಭಕ್ತರೆಲ್ಲರಿಗೂ ಮುಕ್ತಿಯ ‘ಮಹಾಯಾತ್ರೆ’ ಲಭಿಸುವುದೆಂದು ನಂಬುತ್ತಾರೆ. ವಾಸ್ತವವಾಗಿ ಆ ಉಂಗುರಗಳು ಬುದ್ಧಿಯುಳ್ಳ ಸಕಲ ಜೀವರಾಶಿಯನ್ನೂ ಅಳಿಸಿಹಾಕುವ ಅಸ್ತ್ರಗಳು. ತಮ್ಮ ಬೋಧನೆಯ ಬುಡವನ್ನೇ ಅಲುಗಿಸುವ ಸತ್ಯವೊಂದು ತಿಳಿದಾಗ, ಪ್ರವಾದಿಗಳು ಅದನ್ನು ಮುಚ್ಚಿಟ್ಟು ಮಾನವಕುಲದ ಸಂಹಾರಕ್ಕೆ ಆಜ್ಞೆ ಕೊಟ್ಟರೆಂದು ಈ ಸರಣಿಗೆ ಸೇರಿದ 2007ರ ಕಾದಂಬರಿಯೊಂದು ವಿವರಿಸುತ್ತದೆ.

ಒಡಂಬಡಿಕೆ, ಪ್ರವಾದಿ, ಪ್ರಳಯ, ನಾವೆ: ಆಟದುದ್ದಕ್ಕೂ ಕಿವಿಗೆ ಬೀಳುವ ಈ ಶಬ್ದಗಳು ಪವಿತ್ರ ಬೈಬಲ್ಲಿನಿಂದ ಎರವಲು ಪಡೆದವು. ಇಂತಹ ಕಥೆಯನ್ನು ಆಡಿ ಮುಗಿಸಿದ ಬಾಲಕನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಬೇರೆ ಲೋಕಗಳಲ್ಲಿ ಜೀವಿಗಳಿದ್ದರೆ ನಮ್ಮ ವಿಶ್ವಾಸದ ಗತಿಯೇನು? ಧರ್ಮವೆಂಬುದು ಹಿರಿಯರು ಹೆಣೆದ ಸುಳ್ಳಲ್ಲವೆಂದು ನಂಬುವುದು ಹೇಗೆ?

ಮೊದಲನೆಯ ಪ್ರಶ್ನೆಗೆ ಧರ್ಮಸಭೆ ಎಂದೂ ಅಂಜಿದ್ದಿಲ್ಲ. ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಸೃಷ್ಟಿಸಲಾರರೆಂಬ ವಾದವನ್ನು ಪ್ಯಾರಿಸಿನ ಧರ್ಮಾಧ್ಯಕ್ಷರು 1277ರಲ್ಲಿಯೇ ಖಂಡಿಸಿದ್ದರು. ಮುಂದೆ ಕಾರ್ಡಿನಲ್ ಪದವಿಗೇರಿದ ಕೂಸಾದ ನಿಕೋಲಾಸರು 1440ರ ತಮ್ಮ ಗ್ರಂಥದಲ್ಲಿ ಇತರ ಆಕಾಶಕಾಯಗಳಲ್ಲಿ ನಿವಾಸಿಗಳಿರಬಹುದೆಂದು ಊಹಿಸಿದರು. ವ್ಯಾಟಿಕನ್ ಖಗೋಳ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಗುರು ಹೋಸೆ ಗಾಬ್ರಿಯೆಲ್ ಫುನೆಸ್ ಅವರು 2008ರಲ್ಲಿ ವ್ಯಾಟಿಕನ್ನಿನ ದಿನಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ, ದೇವರ ಸೃಷ್ಟಿಸ್ವಾತಂತ್ರ್ಯಕ್ಕೆ ಎಲ್ಲೆ ಹಾಕಲು ನಾವು ಯಾರೂ ಅಲ್ಲವೆಂಬ ಅರ್ಥದ ಮಾತನಾಡಿದರು. 2014ರ ಮೇ ತಿಂಗಳ ಒಂದು ಬೆಳಗಿನ ಬಲಿಪೂಜೆಯಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು, ಮಂಗಳಗ್ರಹದವರು ಬಂದು ದೀಕ್ಷಾಸ್ನಾನ ಬೇಡಿದರೆ ಏನಾದೀತೆಂದು ಕೇಳಿ, ಬಾಗಿಲು ಮುಚ್ಚುವ ಅಧಿಕಾರ ನಮಗಿಲ್ಲವೆಂದು ಬೋಧಿಸಿದರು. ಅನ್ಯಲೋಕದ ಜೀವಿಗಳಿಗೆ ಇಂದಿನವರೆಗೆ ದೃಢವಾದ ಪುರಾವೆ ದೊರೆತಿಲ್ಲ. ನಾಳೆ ದೊರೆತರೆ ಅವರೂ ನಮ್ಮ ತಂದೆಯ ಸೃಷ್ಟಿಯೇ.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದುದು. ‘ಹೇಲೋ’ ಕಥೆ ಧರ್ಮಕ್ಕೆ ಅಪಮಾನವೆಂದು ಕೋಪಿಸಿಕೊಳ್ಳುವ ಮುನ್ನ ನಾವು ಒಂದು ಸಂಗತಿಯನ್ನು ಗಮನಿಸಬೇಕು. ಸುಳ್ಳು ಪ್ರವಾದಿಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟವರಲ್ಲಿ ವಿಡಿಯೋ ಗೇಮಿನವರು ಮೊದಲಿಗರಲ್ಲ. ಯೆರೆಮೀಯನು ಕೊಟ್ಟನು, ಪ್ರಭು ಯೇಸುವೇ ಕೊಟ್ಟರು. ಸೀನಾಯಿ ಬೆಟ್ಟದ ತಪ್ಪಲಿನಲ್ಲಿ ಚಿನ್ನದ ಕರುವಿಗೆ ಅಡ್ಡಬಿದ್ದ ಜನರಿಗೂ ಆಕಾಶದ ಉಂಗುರಕ್ಕೆ ಅಡ್ಡಬೀಳುವ ಈ ಜೀವಿಗಳಿಗೂ ವ್ಯತ್ಯಾಸವೇನು? ಉಂಗುರಗಳನ್ನು ಮಾಡಿದವರು ಎಷ್ಟೇ ಸಮರ್ಥರಾಗಿದ್ದರೂ ಸೃಷ್ಟಿಗೆ ಸೇರಿದವರೇ ಹೊರತು ಸೃಷ್ಟಿಕರ್ತರಲ್ಲ. ಹಾಗಾಗಿ ಈ ಆಟ ಬಯಲಿಗೆಳೆಯುವುದು ವಿಗ್ರಹಾರಾಧನೆಯನ್ನು; ಜೀವಸ್ವರೂಪನಾದ ದೇವರಲ್ಲಿಡುವ ವಿಶ್ವಾಸವನ್ನಲ್ಲ.

ಹಾಗಾದರೆ ನಿಜವನ್ನು ಸುಳ್ಳಿನಿಂದ ಬೇರ್ಪಡಿಸುವ ಒರೆಗಲ್ಲು ಯಾವುದು? ಒಂದು, ಬೆಲೆ ತೆರುವವರು ಯಾರೆಂಬುದು. ಆ ಪ್ರವಾದಿಗಳು ಪೀಠದ ಮೇಲೆ ಕುಳಿತು ತಮ್ಮ ಭಕ್ತರನ್ನು ಸಾವಿಗೆ ಅಟ್ಟುತ್ತಾರೆ. ನಮ್ಮ ಪ್ರಭು ಯಾರನ್ನೂ ಅಟ್ಟದೆ ತಾವೇ ಶಿಲುಬೆಯನ್ನು ಹೊತ್ತು ಕಲ್ವಾರಿ ಬೆಟ್ಟವನ್ನೇರಿದರು. ಇನ್ನೊಂದು, ಪ್ರಶ್ನೆಯನ್ನು ಎದುರಿಸುವ ಬಗೆ. ಪ್ರಶ್ನೆ ಕೇಳಿದ ತೋಮನಿಗೆ ಪ್ರಭು ತಮ್ಮ ಗಾಯಗಳನ್ನೇ ತೋರಿದರು. ಇದು ಹೇಗಾದೀತೆಂದು ಕೇಳಿದ ಕನ್ಯಾಮರಿಯಮ್ಮನವರಿಗೆ ದೇವದೂತನು ಉತ್ತರವಿತ್ತನು. ಆಟದ ಎರಡನೆಯ ಭಾಗದಲ್ಲಿಯೂ ಅನ್ಯಗ್ರಹದ ಯೋಧನೊಬ್ಬ ಉಂಗುರದ ನಿಜವಾದ ಉದ್ದೇಶವೇನೆಂದು ಕೇಳಿದ ಮೇಲೆಯೇ ಸುಳ್ಳಿನ ಸೌಧ ಕುಸಿಯುತ್ತದೆ. ಮುಂದೆ ಅವನೇ ಮಾನವರ ಮಿತ್ರನಾಗುತ್ತಾನೆ. ಪ್ರಶ್ನೆಗೆ ಹೆದರುವುದು ಸುಳ್ಳು. ಸತ್ಯಕ್ಕೆ ಅದರ ಭಯವಿಲ್ಲ.

ಇಲ್ಲಿಯೇ ಪಾಲಕರಾದ ನಮ್ಮ ಪರೀಕ್ಷೆಯೂ ಇದೆ. ಮಗ ಅಥವಾ ಮಗಳು ಬಂದು, ಅನ್ಯಲೋಕದವರಿಗಾಗಿಯೂ ಯೇಸು ಪ್ರಾಣ ಕೊಟ್ಟರೇ ಎಂದು ಕೇಳಿದಾಗ, ಅಧಿಕಪ್ರಸಂಗ ಸಾಕು, ಜಪಸರಕ್ಕೆ ಕುಳಿತುಕೋ ಎಂದು ಗದರಿಸಿದರೆ, ಸತ್ಯವನ್ನು ಅಡಗಿಸುವ ಆ ಪ್ರವಾದಿಗಳ ಪಾತ್ರವನ್ನು ನಾವೇ ವಹಿಸಿದಂತಾಗುತ್ತದೆ. ಬಾಯಿ ಮುಚ್ಚಿದ ಮಗುವಿನ ಮನಸ್ಸು ಮುಚ್ಚುವುದಿಲ್ಲ. ಅದು ಉತ್ತರವನ್ನು ಬೇರೆಡೆ ಹುಡುಕುತ್ತದೆ.

ಆಟವನ್ನು ಕಣ್ಮುಚ್ಚಿ ಮನೆಯೊಳಗೆ ಬಿಟ್ಟುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಸರಣಿಯ ಮೊದಲ ಆಟವನ್ನು ಅಮೆರಿಕದ ಶ್ರೇಣೀಕರಣ ಮಂಡಳಿಯೇ 17 ವರ್ಷ ದಾಟಿದವರಿಗೆ ತಕ್ಕುದೆಂದು ಗುರುತಿಸಿದೆ. ರಕ್ತಪಾತ ಅದರಲ್ಲಿ ಧಾರಾಳವಾಗಿದೆ. ಚಿಕ್ಕ ಮಕ್ಕಳಿಂದ ಅದನ್ನು ದೂರವಿಡುವುದು ವಿವೇಕ. ಬೆಳೆದ ಮಕ್ಕಳು ಆಡುವುದಾದರೆ ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ನೋಡೋಣ, ಕಥೆಯನ್ನು ಅವರ ಬಾಯಿಂದಲೇ ಕೇಳೋಣ. ನಮಗೆ ಉತ್ತರ ತಿಳಿಯದಿದ್ದಲ್ಲಿ ಧರ್ಮಕೇಂದ್ರದ ಗುರುಗಳನ್ನೋ ಧರ್ಮೋಪದೇಶದ ಶಿಕ್ಷಕರನ್ನೋ ಮಕ್ಕಳೊಡನೆಯೇ ಹೋಗಿ ಕೇಳೋಣ. ತಾನು ಕೇಳಿದ ಪ್ರಶ್ನೆಗಾಗಿ ಹಿರಿಯರೂ ಎದ್ದು ಹೊರಟರೆಂಬುದನ್ನು ಕಂಡ ಮಗು, ವಿಶ್ವಾಸವು ಹಿರಿಯರು ಹೆಣೆದ ಸುಳ್ಳೆಂದು ಸುಲಭವಾಗಿ ನಂಬಲಾರದು.