ಜೋಯಿಡಾ ತಾಲ್ಲೂಕಿನ ಕಾಡೊಳಗಿನ ಊರುಗಳಿಗೆ ಆರೋಗ್ಯ ಸೇವೆ ಕೋರಿ ಮನವಿ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಮಾನ್ಯರೇ,

ಮಳೆಗಾಲದಲ್ಲಿ ನಮ್ಮ ಎಷ್ಟೋ ಊರುಗಳಲ್ಲಿ ಬಸುರಿಗೆ ನೋವು ಕಾಣಿಸಿಕೊಂಡರೆ ಇಂದಿಗೂ ಕೋಲಿಗೆ ಕಂಬಳಿ ಕಟ್ಟಿ, ಜೋಲಿ ಮಾಡಿ, ಡಾಂಬರು ರಸ್ತೆಯವರೆಗೆ ಹೊತ್ತು ತರಬೇಕು. 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿಕೊಂಡು ಒಬ್ಬರು ಮೊದಲೇ ಓಡಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಅದಕ್ಕೆ ನಾವು ಕೃತಜ್ಞರು. ಆದರೆ ಆ ಯೋಜನೆಯ ಕಾರ್ಡು ಉಪಯೋಗಕ್ಕೆ ಬರುವುದು ಆಸ್ಪತ್ರೆ ಮುಟ್ಟಿದ ಮೇಲೆ. ಬಾಡಿಗೆ ಜೀಪು, ಜೊತೆಗೆ ಹೋದವರ ಊಟ, ತಪ್ಪಿದ ಕೂಲಿ, ಇವಕ್ಕೆ ಸಾಲವೇ ಗತಿ.

ಗುಡ್ಡಗಾಡಿನಲ್ಲಿ 20 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. 2011ರ ಜನಗಣತಿಯಂತೆ ಇಡೀ ತಾಲ್ಲೂಕಿನ ಜನಸಂಖ್ಯೆ ಸುಮಾರು 50 ಸಾವಿರ. ಇಲ್ಲಿ ಊರೆಂದರೆ ಕಾಡಿನ ನಡುವೆ ಚದುರಿದ ಹತ್ತಾರು ಮನೆ. ತಲೆ ಎಣಿಸಿ ಆಸ್ಪತ್ರೆ ಹಂಚಿದರೆ ನಮ್ಮ ಪಾಲು ಎಂದಿಗೂ ಬರುವುದಿಲ್ಲ. ಆದ್ದರಿಂದ ರೋಗಿ ಸಾಗಬೇಕಾದ ದೂರ ಮತ್ತು ಹೊತ್ತನ್ನೇ ಅಳತೆಯಾಗಿ ಹಿಡಿಯಬೇಕೆಂಬುದು ನಮ್ಮ ಮೊದಲ ಹಕ್ಕೊತ್ತಾಯ.

ಆರೋಗ್ಯ ಕೇಂದ್ರಗಳಲ್ಲಿ ವೈದ್ಯರು, ದಾದಿಯರು ರಾತ್ರಿಯೂ ಉಳಿಯುವಂತೆ ವಾಸಯೋಗ್ಯ ವಸತಿಗೃಹ ಕಟ್ಟಿಸಿಕೊಡಿ. ಸೋರುವ ಮನೆ ಕೊಟ್ಟು ಅವರನ್ನು ದೂರುವುದು ನ್ಯಾಯವಲ್ಲ. ಹಾವು ಕಡಿತದ ಚುಚ್ಚುಮದ್ದು ಮಳೆಗಾಲಕ್ಕೆ ಮುಂಚೆಯೇ ದಾಸ್ತಾನಿರಲಿ. ದಿನ ತುಂಬಿದ ಬಸುರಿಯರು ಜೊತೆಗೊಬ್ಬರನ್ನು ಕರೆದುಕೊಂಡು ಮುಂಚಿತವಾಗಿ ಬಂದು ತಂಗಲು ತಾಲ್ಲೂಕು ಕೇಂದ್ರದಲ್ಲಿ ಊಟದ ವ್ಯವಸ್ಥೆಯುಳ್ಳ ತಂಗುಮನೆ ಬೇಕು. ಜೀಪು ಹೋಗದ ದಾರಿಗೆ ಬೈಕ್ ಆಂಬುಲೆನ್ಸ್ ಕೊಡಿ.

ರಸ್ತೆ ಕೇಳಿದಾಗಲೆಲ್ಲ ಅರಣ್ಯ ಕಾನೂನಿನತ್ತ ಬೆರಳು ತೋರಿಸಲಾಗುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ, ಗ್ರಾಮಸಭೆಯ ಶಿಫಾರಸಿದ್ದರೆ ಆಸ್ಪತ್ರೆ, ರಸ್ತೆಗಳಂಥ ಕಾಮಗಾರಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ನೀಡಲು ಅವಕಾಶ ಕೊಟ್ಟಿದೆ. ಕಾನೂನು ಅಡ್ಡ ಬಂದಿಲ್ಲ, ಕಡತ ಮುಂದೆ ಹೋಗಿಲ್ಲ. ಆರೋಗ್ಯ ಮತ್ತು ಅರಣ್ಯ ಇಲಾಖೆಗಳನ್ನು ಒಂದೇ ಸಭೆಯಲ್ಲಿ ಕೂರಿಸಿ ಇದನ್ನು ಇತ್ಯರ್ಥಪಡಿಸಬೇಕು.

ನಾಡಿಗೆ ವಿದ್ಯುತ್ ಬೇಕೆಂದಾಗ ಸೂಪಾ ಅಣೆಕಟ್ಟಿಗಾಗಿ ಇಲ್ಲಿನ ಜನ ಮನೆ, ಗದ್ದೆ ಬಿಟ್ಟುಕೊಟ್ಟರು. ಈಗ ಕೇಳುತ್ತಿರುವುದು ದಯೆಯನ್ನಲ್ಲ, ನಾಡು ನಮಗೆ ಸಲ್ಲಿಸಬೇಕಾದ ಬಾಕಿಯನ್ನು.

ಮುಂಗಾರು ಶುರುವಾಗುವ ಮೊದಲೇ ಲಿಖಿತ ಉತ್ತರ ಕೊಡಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಜೋಯಿಡಾ ತಾಲ್ಲೂಕಿನ ನಾಗರಿಕರು